ಮೊಣಕಾಲಿನ ನೋವೂ ಚಿತ್ರಗಳ ಸಾಕ್ಷ್ಯವೂ

ಕಳೆದ ಸಂಚಿಕೆಯನ್ನೋದಿದ ವಾಚಕ ಮಹಾಶಯರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ತಾಯಿಯವರಿಗೆ ಈಗ ಅರುವತ್ತೆಂಟು ವಯಸ್ಸು. ಎರಡು ವರ್ಷಗಳಿಂದ ಮೊಣಕಾಲಿನ ನೋವು. “ಎಕ್ಸ್‌ರೇ ತೆಗೆಸಿದರೆ ಸಾಕೆಂದು ಒಬ್ಬರು ಹೇಳುತ್ತಾರೆ, ಎಂ.ಆರ್.ಐ. ಮಾಡಿಸದ ಹೊರತು ಏನೂ ತಿಳಿಯದೆಂದು ಮತ್ತೊಬ್ಬರು. ಅಲ್ಟ್ರಾಸೌಂಡ್ ಅಗ್ಗವೂ ನಿರಪಾಯವೂ ಎಂದು ಇನ್ನೊಬ್ಬರು. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬುದನ್ನು ದಯಮಾಡಿ ತಿಳಿಸಬೇಕು” ಎಂದು ಅವರು ಕೇಳಿರುವರು.

ನಾವು ವೈದ್ಯರಲ್ಲ, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ಈಗ ವಿಶ್ರಾಂತರಾಗಿರುವ ಉಪಾಧ್ಯಾಯರು. ಆದರೆ ಇದೇ ಪ್ರಶ್ನೆಯು ನಮ್ಮ ಮನೆಯ ಬಾಗಿಲಿಗೂ ಬಂದಿದ್ದಿತು. ಅದಕ್ಕೆ ಉತ್ತರವನ್ನು ಕಂಡುಕೊಳ್ಳುವುದರಲ್ಲಿ ಸ್ವಲ್ಪ ಹಣವನ್ನೂ ಬಹಳ ನಿದ್ರೆಯನ್ನೂ ಕಳೆದುಕೊಂಡೆವು. ಆಮೇಲೆ ತಿಳಿದವರನ್ನು ಕೇಳಿ, ಓದಬೇಕಾದುದನ್ನು ಓದಿ, ಮನಸ್ಸಿಗೆ ಹತ್ತಿದಷ್ಟನ್ನು ಇಲ್ಲಿ ನಿವೇದಿಸುವೆವು.

ಎರಡು ವರ್ಷಗಳ ಹಿಂದೆ ನಮ್ಮ ಮನೆಯಾಕೆಗೆ ಬಲಮೊಣಕಾಲಿನ ಒಳಪಕ್ಕದಲ್ಲಿ ನೋವು ಕಾಣಿಸಿಕೊಂಡಿತು. ಮೆಟ್ಟಲಿಳಿಯುವಾಗ ನೋವು, ರಂಗವಲ್ಲಿಯನ್ನಿಟ್ಟು ಏಳುವಾಗ ನೋವು, ದೇವರ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತರೆ ಏಳುವುದಕ್ಕೆ ಗೋಡೆಯ ಆಸರೆ ಬೇಕು. ಒಂದು ಕಡೆ ಎಕ್ಸ್‌ರೇ ತೆಗೆಸಿದೆವು. ಆಕೆಯನ್ನು ಮೇಜಿನ ಮೇಲೆ ಮಲಗಿಸಿ ತೆಗೆದ ಚಿತ್ರವದು. ‘ವಿಶೇಷವೇನೂ ಕಾಣದು’ ಎಂದು ವರದಿಯಾಯಿತು. ನಮಗೆ ಸಂತೋಷವಾಯಿತು, ನೋವು ಮಾತ್ರ ಹಾಗೆಯೇ ಉಳಿಯಿತು.

ಕೆಲವು ತಿಂಗಳಾದ ಮೇಲೆ ಪಟ್ಟಣದಲ್ಲಿರುವ ನಮ್ಮ ಹಿರಿಯ ಮಗನು ಬಂದು, “ಅಪ್ಪ, ಈ ಕಾಲದಲ್ಲಿ ಎಕ್ಸ್‌ರೇಯನ್ನು ನಂಬಿ ಕೂರುವುದುಂಟೇ?” ಎಂದು ತಾಯಿಯನ್ನು ಕರೆದುಕೊಂಡು ಹೋಗಿ ಎಂ.ಆರ್.ಐ. ಮಾಡಿಸಿದನು. ಈ ಸಾರಿ ವರದಿ ಎರಡು ಪುಟ. ಒಳಪಕ್ಕದ ಮೆನಿಸ್ಕಸ್ ಹರಿದಿದೆ, ಮೃದ್ವಸ್ಥಿಯು ತೆಳುವಾಗಿದೆ, ಎಲುಬಿನ ಮಜ್ಜೆಯಲ್ಲಿ ಬಾವಿನ ಗುರುತಿದೆ, ಕೀಲಿನಲ್ಲಿ ನೀರಿದೆ, ಹಿಂಬದಿಯಲ್ಲೊಂದು ನೀರುಗುಳ್ಳೆಯಿದೆ ಎಂದು ಒಂದರ ಕೆಳಗೊಂದಾಗಿ ಬರೆದಿದ್ದಿತು. ಅದನ್ನೋದಿ ಅರ್ಥ ಹೇಳುವಾಗ ನಮ್ಮ ಧ್ವನಿಯೇ ನಡುಗಿತು. “ಹರಿದಿದೆ ಎಂದರೆ ಇನ್ನು ನಾನು ನಡೆಯುವುದೇ ಇಲ್ಲವೆ?” ಎಂದು ಆಕೆ ಕೇಳಿದಳು. ವರದಿಯನ್ನು ನೋಡಿದ ವೈದ್ಯರೊಬ್ಬರು, ಕಾಲನ್ನು ಮುಟ್ಟುವುದಕ್ಕೆ ಮೊದಲೇ, ಮುಂದಿನ ವಾರವೇ ಕೀಲಿನೊಳಗೆ ದುರ್ಬೀನನ್ನು ಹಾಕಿ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಹೇಳಿದರು. ಅದಕ್ಕೆ ಬೇಕೆಂದ ಹಣವು, ಮೊಮ್ಮಗನ ಉಪನಯನಕ್ಕೆಂದು ನಾವು ತೆಗೆದಿರಿಸಿದ್ದ ಹಣಕ್ಕೆ ಹೆಚ್ಚುಕಡಮೆ ಸಮನಾಗಿದ್ದಿತು.

ನಮ್ಮನ್ನು ಎರಡು ದಿನ ತಡೆದದ್ದು ವಿವೇಕವಲ್ಲ, ಆ ಹಣದ ಯೋಚನೆಯೇ ಎಂದು ಒಪ್ಪಿಕೊಳ್ಳುವೆವು. ಆ ಎರಡು ದಿನಗಳಲ್ಲಿ ನೆರೆಯವರ ಮಾತಿನಂತೆ ವಯೋವೃದ್ಧರಾದ ಬೇರೊಬ್ಬ ವೈದ್ಯರ ಬಳಿಗೆ ಹೋದೆವು. ಅವರು ನಾವು ಮುಂದಿಟ್ಟ ದೊಡ್ಡ ಲಕೋಟೆಯನ್ನು ಪಕ್ಕಕ್ಕೆ ಸರಿಸಿ, “ಅಮ್ಮ, ಬೆಳಗ್ಗೆ ಎದ್ದಾಗ ಕಾಲು ಬಿಗಿದುಕೊಂಡಿರುತ್ತದೆಯೆ? ಎಷ್ಟು ಹೊತ್ತು?” ಎಂದು ಕೇಳಿದರು.

“ಕಾಫಿ ಇಳಿಸುವಷ್ಟರಲ್ಲಿ ಸಡಿಲವಾಗುತ್ತದೆ, ಡಾಕ್ಟರೇ.”

“ಇದ್ದಕ್ಕಿದ್ದಂತೆ ಕಾಲು ಸಿಕ್ಕಿಕೊಂಡು ಚಾಚುವುದಕ್ಕಾಗದೆ ನಿಂತುಹೋದದ್ದುಂಟೆ?”

“ಇಲ್ಲ.”

“ಎಲ್ಲಿಯಾದರೂ ಬಿದ್ದಿರಾ? ಜ್ವರ ಬಂದಿತ್ತೆ? ಕೈಬೆರಳುಗಳೇನಾದರೂ ಊದಿಕೊಳ್ಳುತ್ತವೆಯೆ?”

“ಅದೇನೂ ಇಲ್ಲ.”

ಬಳಿಕ ಅವರು ಕಾಲನ್ನು ಮಡಿಸಿ ಚಾಚಿಸಿದರು; ಮಂಡಿಚಿಪ್ಪಿನ ಮೇಲೆ ಅಂಗೈಯಿಟ್ಟು ಕರಕರ ಶಬ್ದವುಂಟೇ ಎಂದು ನೋಡಿದರು; ಕೀಲಿನ ಅಂಚನ್ನು ಬೆರಳಿನಿಂದ ಒತ್ತಿದರು; ಹತ್ತು ಹೆಜ್ಜೆ ನಡೆಯಹೇಳಿದರು. ಕೊನೆಗೆ, “ನಿಮಗೆ ನೋವು ಬರುವುದು ನಿಂತಾಗ, ನಡೆದಾಗ. ಆ ಮಂಡಿಯನ್ನು ಮಲಗಿಸಿ ಕೇಳಿದರೆ ಅದು ಏನು ಹೇಳೀತು? ನಿಂತುಕೊಂಡು ಒಂದು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ” ಎಂದರು. ನಿಂತು ತೆಗೆಸಿದ ಚಿತ್ರದಲ್ಲಿ ಒಳಪಕ್ಕದ ಎಲುಬುಗಳ ನಡುವಣ ಎಡೆಯು ಹೊರಪಕ್ಕದ ಎಡೆಯ ಅರ್ಧದಷ್ಟೂ ಇರಲಿಲ್ಲ.

ಹೀಗೆ ಒಂದೇ ಮೊಣಕಾಲಿಗೆ ಮೂರು ಚಿತ್ರಗಳಾದುವು. ಮೊದಲನೆಯದು ಏನೂ ಇಲ್ಲವೆಂದಿತು. ಎರಡನೆಯದು ಎಲ್ಲವೂ ಕೆಟ್ಟಿದೆಯೆಂಬಂತೆ ನಮ್ಮನ್ನು ಹೆದರಿಸಿತು. ಮೂರನೆಯದು ಬೇಕಾದಷ್ಟನ್ನು ಹೇಳಿತು. ಆದರೆ ಮೂರರಲ್ಲಿ ಯಾವುದೂ ಸುಳ್ಳು ಹೇಳಲಿಲ್ಲ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಮೊಣಕಾಲಿನ ರಚನೆಯನ್ನು ಸ್ವಲ್ಪ ಅರಿತಿರಬೇಕು.

ತೊಡೆಯ ಎಲುಬಿನ ಕೆಳತುದಿಯೂ ಕಣಕಾಲಿನ ದೊಡ್ಡ ಎಲುಬಿನ ಮೇಲ್ತುದಿಯೂ ಸೇರುವ ಕಡೆ ಮೊಣಕಾಲಿನ ಕೀಲು ಇರುವುದು; ಮುಂದುಗಡೆ ಮಂಡಿಚಿಪ್ಪು. ಈ ಎಲುಬುಗಳ ತುದಿಗಳಿಗೆ ಬಿಳುಪಾದ, ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಎರಡು ಎಲುಬುಗಳ ನಡುವೆ, ಒಳಪಕ್ಕಕ್ಕೊಂದು ಹೊರಪಕ್ಕಕ್ಕೊಂದರಂತೆ, ಅರ್ಧಚಂದ್ರಾಕೃತಿಯ ಎರಡು ಮೆತ್ತೆಗಳಿರುವುವು, ಇವೇ ಮೆನಿಸ್ಕಸ್‌ಗಳು. ಇವೆಲ್ಲವನ್ನೂ ಒಳಗೊಂಡು ತೆಳುವಾದೊಂದು ಪೊರೆಯು ಕೀಲಿಗೆ ಬೇಕಾದ ರಸವನ್ನು ಸ್ರವಿಸುವುದು. ವಯಸ್ಸು, ದೇಹದ ಭಾರ, ಹಳೆಯ ಪೆಟ್ಟು, ವಂಶದ ಗುಣ ಮೊದಲಾದ ಕಾರಣಗಳಿಂದ ಮೃದ್ವಸ್ಥಿಯು ಕ್ರಮವಾಗಿ ತೆಳುವಾಗಿ, ಅದರ ಕೆಳಗಣ ಎಲುಬು ಗಡುಸಾಗಿ, ಅಂಚಿನಲ್ಲಿ ಎಲುಬಿನ ಮೊಳಕೆಗಳೆದ್ದು, ಒಳಪೊರೆಯು ಆಗಾಗ ಬಾತುಕೊಳ್ಳುವುದಕ್ಕೆ ಆಸ್ಟಿಯೋ ಆರ್ಥ್ರೈಟಿಸ್ ಎಂದು ಹೆಸರು. ಜನರು ಇದನ್ನೇ ‘ಮಂಡಿ ಸವೆದಿದೆ’ ಎನ್ನುವರು. ಇದರಲ್ಲಿ ಕೆಡುವುದು ಮೃದ್ವಸ್ಥಿಯೊಂದೇ ಅಲ್ಲ, ಕೀಲು ಪೂರ್ತಿಯಾಗಿ ವ್ಯಾಧಿಗೆ ಒಳಗಾಗುವುದು. ಇನ್ನೊಂದು ಮುಖ್ಯ ವಿಷಯವುಂಟು. ಮೃದ್ವಸ್ಥಿಯಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ನರವಿಲ್ಲದುದು ತಾನಾಗಿ ನೋಯಲಾರದು. ನೋವು ಹುಟ್ಟುವುದು ಎಲುಬಿನಿಂದ, ಒಳಪೊರೆಯಿಂದ, ಸುತ್ತಣ ಕಟ್ಟುಗಳಿಂದ. ಆದುದರಿಂದ ಮೃದ್ವಸ್ಥಿಯು ಎಷ್ಟು ಸವೆಯಿತೆಂಬುದನ್ನು ಕಂಡಮಾತ್ರಕ್ಕೆ ನೋವು ಎಷ್ಟೆಂಬುದು ತಿಳಿಯದು.

ಇನ್ನು ಚಿತ್ರಗಳನ್ನು ಒಂದೊಂದಾಗಿ ವಿಚಾರಿಸುವ.

ವಯಸ್ಸಿನಲ್ಲಿ ಹಿರಿಯದು ಎಕ್ಸ್‌ರೇ, ಎಂದರೆ ಕ್ಷಕಿರಣ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಗೆನ್ ಎಂಬ ಪಂಡಿತರು ೧೮೯೫ನೆಯ ನವೆಂಬರಿನಲ್ಲಿ ಈ ಕಿರಣಗಳನ್ನು ಕಂಡುಹಿಡಿದರು. ಅದೇ ಡಿಸೆಂಬರಿನಲ್ಲಿ ಅವರು ತೆಗೆದ ತಮ್ಮ ಪತ್ನಿಯ ಕೈಯ ಚಿತ್ರದಲ್ಲಿ ಬೆರಳಿನ ಎಲುಬುಗಳೂ ಉಂಗುರವೂ ಕಂಡುವು, ಮಾಂಸವು ಮಸುಕು ನೆರಳಾಗಿ ಉಳಿಯಿತು. ೧೯೦೧ರಲ್ಲಿ ಭೌತಶಾಸ್ತ್ರದ ಮೊದಲನೆಯ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ಇಂದಿಗೂ ಎಕ್ಸ್‌ರೇಯ ಸ್ವಭಾವವು ಅದೇ. ಸುಣ್ಣದ ಅಂಶವುಳ್ಳ ಎಲುಬು ಕಿರಣಗಳನ್ನು ತಡೆಯುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುವುದು. ಮೃದ್ವಸ್ಥಿಯಾಗಲಿ ಮೆನಿಸ್ಕಸ್ ಆಗಲಿ ಅದರಲ್ಲಿ ಕಾಣುವುದೇ ಇಲ್ಲ. ಕಾಣುವುದು ಎರಡು ಎಲುಬುಗಳ ನಡುವಣ ಕಪ್ಪಾದ ಎಡೆ ಮಾತ್ರ.

ಇಲ್ಲಿ ನಮ್ಮ ಹಳೆಯ ಶಾಸ್ತ್ರಗಳ ಒಂದು ಮಾತು ನೆನಪಿಗೆ ಬರುವುದು. ಮೀಮಾಂಸಕರಲ್ಲಿ ಭಾಟ್ಟರು ಅನುಪಲಬ್ಧಿಯೆಂಬುದನ್ನೂ ಒಂದು ಪ್ರಮಾಣವಾಗಿ ಅಂಗೀಕರಿಸಿರುವರು. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ, ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುವುದು ಅನುಪಲಬ್ಧಿಯಿಂದ. ಆದರೆ ಅದಕ್ಕೊಂದು ನಿಬಂಧನೆಯನ್ನು ಅವರು ಹಾಕಿರುವರು: ಆ ವಸ್ತುವು ಅಲ್ಲಿದ್ದಿದ್ದರೆ ಕಾಣಲೇಬೇಕಾದ ಯೋಗ್ಯತೆಯುಳ್ಳದ್ದಾಗಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು, ಗಡಿಗೆಯೇ ಇಲ್ಲವೆನ್ನಲಾಗದು. ಮೃದ್ವಸ್ಥಿಯ ವಿಷಯದಲ್ಲಿ ಎಕ್ಸ್‌ರೇಯು ಆ ಕತ್ತಲ ಕೋಣೆಯಂತೆ. ಅದರಲ್ಲಿ ಕೆಡುಕು ಕಾಣಲಿಲ್ಲವೆಂಬುದರಿಂದ ಕೆಡುಕಿಲ್ಲವೆಂದು ಸಾಧಿಸಿದಂತಾಗದು. ವೈದ್ಯರು ಅದರಿಂದ ಮಾಡುವುದು ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಎಡೆ ಕಿರಿದಾದುದನ್ನು ಕಂಡು ನಡುವಣ ಹೊದಿಕೆ ಸವೆದಿದೆಯೆಂದು ಊಹಿಸುವರು. ಮೆನಿಸ್ಕಸ್ ತನ್ನ ಸ್ಥಾನದಿಂದ ಹೊರಕ್ಕೆ ಸರಿದರೂ ಎಡೆ ಕಿರಿದಾಗುವುದುಂಟಾದುದರಿಂದ ಈ ಅನುಮಾನವೂ ಸಂಪೂರ್ಣ ನಿರ್ದುಷ್ಟವಲ್ಲ. ಆದರೂ ವ್ಯವಹಾರಕ್ಕೆ ಸಾಕಾದುದು.

ಈ ಅನುಮಾನವು ಸರಿಯಾಗಬೇಕಾದರೆ ಕಾಲಿನ ಮೇಲೆ ಭಾರವಿರಬೇಕು. ಮಲಗಿದಾಗ ಎಲುಬುಗಳು ಒಂದನ್ನೊಂದು ಒತ್ತವು. ಸವೆದ ಕೀಲಿನಲ್ಲಿಯೂ ಎಡೆಯು ಸಮವಾಗಿ ತೋರಬಹುದು. ಸ್ವೀಡನ್ ದೇಶದ ಆಲ್ಬೆಕ್ ಎಂಬ ವೈದ್ಯರು ೧೯೬೮ರಲ್ಲಿಯೇ ನಿಂತ ಕಾಲಿನ ಚಿತ್ರದ ಮಹತ್ವವನ್ನು ವಿಸ್ತಾರವಾಗಿ ತೋರಿಸಿದ್ದರು. ಮೊಣಕಾಲನ್ನು ಸ್ವಲ್ಪ ಬಗ್ಗಿಸಿ ನಿಂತು ತೆಗೆದ ಚಿತ್ರದಲ್ಲಿ ಕೀಲಿನ ಹಿಂಭಾಗದ ಸವೆತವೂ ಕಾಣುವುದೆಂಬುದನ್ನು ೧೯೮೮ರಲ್ಲಿ ರೋಸೆನ್‌ಬರ್ಗ್ ಮೊದಲಾದವರು ಪ್ರಕಟಿಸಿದರು. ಮೆಟ್ಟಲಿಳಿಯುವಾಗ ಮಂಡಿಚಿಪ್ಪಿನ ಹಿಂದೆ ನೋಯುವವರಿಗೆ, ಕಾಲನ್ನು ಮಡಿಸಿ ಚಿಪ್ಪಿನ ಕೆಳಗಣ ಎಡೆಯನ್ನು ತೋರಿಸುವ ಇನ್ನೊಂದು ಚಿತ್ರವುಂಟು. ನಮ್ಮ ಮನೆಯಾಕೆಯ ಮೊದಲನೆಯ ಚಿತ್ರವು ‘ಏನೂ ಕಾಣದು’ ಎಂದುದರ ರಹಸ್ಯವು ಇಷ್ಟೇ. ಯಂತ್ರದ ತಪ್ಪಲ್ಲ, ಕೇಳಿದ ಬಗೆಯ ತಪ್ಪು.

ಎಕ್ಸ್‌ರೇ ವರದಿಗಳಲ್ಲಿ ‘ಗ್ರೇಡ್’ ಎಂದು ಒಂದು ಅಂಕೆಯನ್ನು ಬರೆದಿರುವುದನ್ನು ವಾಚಕರು ನೋಡಿರಬಹುದು. ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ೧೯೫೭ರಲ್ಲಿ ಏರ್ಪಡಿಸಿದ ಶ್ರೇಣಿಯಿದು. ಸೊನ್ನೆಯೆಂದರೆ ವಿಕಾರವಿಲ್ಲ, ಒಂದು ಎಂದರೆ ಸಂದೇಹ, ಎರಡು ಎಂದರೆ ಅಂಚಿನಲ್ಲಿ ಎಲುಬಿನ ಮೊಳಕೆ ಖಚಿತವಾಗಿದೆ, ಮೂರು ಎಂದರೆ ಎಡೆಯು ನಿಶ್ಚಯವಾಗಿ ಕಿರಿದಾಗಿದೆ, ನಾಲ್ಕು ಎಂದರೆ ಎಡೆಯು ಬಹುಮಟ್ಟಿಗೆ ಮುಚ್ಚಿಹೋಗಿ ಎಲುಬು ಗಡುಸಾಗಿದೆ. ಇವು ಚಿತ್ರಕ್ಕೆ ಕೊಟ್ಟ ಅಂಕಗಳೇ ಹೊರತು ಮನುಷ್ಯನಿಗೆ ಕೊಟ್ಟವಲ್ಲ. ನಾಲ್ಕನೆಯ ಶ್ರೇಣಿಯವರು ಸಂತೆಗೆ ನಡೆದುಹೋಗಿ ಬರುವುದೂ, ಎರಡನೆಯ ಶ್ರೇಣಿಯವರು ರಾತ್ರಿಯೆಲ್ಲ ನರಳುವುದೂ ಉಂಟು. ಒಂದು ಮೊಣಕಾಲಿನ ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣವು ಅತ್ಯಲ್ಪ. ಭೂಮ್ಯಾಕಾಶಗಳಿಂದ ಸಹಜವಾಗಿ ಒಂದು ದಿನದಲ್ಲಿ ನಮಗೆ ತಗಲುವಷ್ಟನ್ನು ಅದು ಮೀರುವುದಿಲ್ಲವಾದುದರಿಂದ ಆ ವಿಷಯದಲ್ಲಿ ಭಯಪಡಬೇಕಾದುದಿಲ್ಲ.

ಎರಡನೆಯದು ಅಲ್ಟ್ರಾಸೌಂಡ್. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದತರಂಗಗಳನ್ನು ಒಳಕ್ಕೆ ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರವನ್ನು ರಚಿಸುವ ವಿಧಾನವಿದು. ಇದರಲ್ಲಿ ವಿಕಿರಣವಿಲ್ಲ, ಖರ್ಚು ಕಡಮೆ, ಕಾಲನ್ನು ಆಡಿಸುತ್ತಲೇ ನೋಡಬಹುದು. ಕೀಲಿನಲ್ಲಿ ನೀರು ತುಂಬಿದೆಯೇ, ಒಳಪೊರೆಯು ಬಾತಿದೆಯೇ, ಮೊಣಕಾಲಿನ ಹಿಂದೆ ಕಾಣುವ ಗಂಟು ಬರಿಯ ನೀರುಗುಳ್ಳೆಯೇ ಎಂಬ ಪ್ರಶ್ನೆಗಳಿಗೆ ಇದು ಒಳ್ಳೆಯ ಉತ್ತರ ಕೊಡುವುದು; ಕೀಲಿಗೆ ಸೂಜಿ ಹಾಕಬೇಕಾದಾಗ ದಾರಿಯನ್ನೂ ತೋರಿಸುವುದು. ಆದರೆ ಶಬ್ದತರಂಗವು ಎಲುಬನ್ನು ದಾಟಿ ಹೋಗಲಾರದು. ಭಾರವನ್ನು ಹೊರುವ ಕೀಲಿನ ನಡುಭಾಗವು ಎಲುಬುಗಳ ಮರೆಯಲ್ಲಿರುವುದರಿಂದ ಅಲ್ಲಿನ ಸವೆತವು ಇದಕ್ಕೆ ಪೂರ್ಣವಾಗಿ ಸಿಕ್ಕದು. ಅಲ್ಲದೆ ಇದರ ಫಲವು ನೋಡುವವರ ಕೈಚಳಕವನ್ನು ಬಹಳವಾಗಿ ಅವಲಂಬಿಸಿರುವುದು.

ಮೂರನೆಯದು ಸಿ.ಟಿ. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಎಂಬವರು ನಿರ್ಮಿಸಿದ ಯಂತ್ರದಿಂದ ೧೯೭೧ರಲ್ಲಿ ಮೊದಲನೆಯ ರೋಗಿಯ ಪರೀಕ್ಷೆ ನಡೆಯಿತು. ಇದೂ ಕ್ಷಕಿರಣವೇ, ಸುತ್ತಲಿಂದಲೂ ತೆಗೆದುದನ್ನು ಗಣಕಯಂತ್ರವು ಸೇರಿಸಿ, ಹಲಸಿನ ಹಣ್ಣನ್ನು ಅಡ್ಡ ಕೊಯ್ದು ತೋರಿಸಿದಂತೆ ಪದರಪದರವಾಗಿ ತೋರಿಸುವುದು. ಎಲುಬಿನ ಆಕಾರವನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಎಲುಬು ತೊಡಕಾಗಿ ಮುರಿದಾಗಲೂ, ಕೆಲವೊಮ್ಮೆ ಕೃತಕ ಕೀಲನ್ನು ಜೋಡಿಸುವ ಮುನ್ನ ಅಳತೆಗಾಗಿಯೂ ಇದು ಬೇಕಾಗುವುದು. ಸಾಧಾರಣ ಮಂಡಿಸವೆತವನ್ನು ಗುರುತಿಸುವುದಕ್ಕೆ ಇದರ ಅಗತ್ಯವಿಲ್ಲ. ವಿಕಿರಣವೂ ಎಕ್ಸ್‌ರೇಗಿಂತ ಹೆಚ್ಚು.

ನಾಲ್ಕನೆಯದು ಎಂ.ಆರ್.ಐ. ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಮಡಿ ಬಲವುಳ್ಳ ಅಯಸ್ಕಾಂತದ ಸುರಂಗದಲ್ಲಿ ಕಾಲನ್ನಿರಿಸಿ, ರೇಡಿಯೋ ತರಂಗಗಳನ್ನು ಬಿಟ್ಟರೆ, ದೇಹದ ನೀರಿನಲ್ಲಿರುವ ಜಲಜನಕದ ಪರಮಾಣುಗರ್ಭಗಳು ಮಾರುಲಿಯುವುವು. ಆ ಉಲಿಯೇ ಚಿತ್ರವಾಗುವುದು. ಈ ವಿಧಾನಕ್ಕೆ ತಳಹದಿಯನ್ನು ಹಾಕಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬವರಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಇದರಲ್ಲಿ ಕ್ಷಕಿರಣವಿಲ್ಲ, ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರೂ, ದೇಹದಲ್ಲಿ ಲೋಹದ ತುಂಡಿರುವವರೂ ಮೊದಲೇ ತಿಳಿಸತಕ್ಕುದು. ಮೃದ್ವಸ್ಥಿ, ಮೆನಿಸ್ಕಸ್, ಕಟ್ಟುಗಳು, ಎಲುಬಿನ ಮಜ್ಜೆ, ಒಳಪೊರೆ, ಇವೆಲ್ಲವನ್ನೂ ಪ್ರತ್ಯಕ್ಷವಾಗಿ ತೋರಿಸತಕ್ಕ ಚಿತ್ರ ಇದೊಂದೇ. ಎಕ್ಸ್‌ರೇಯಲ್ಲಿ ಸುಳಿವೂ ಇಲ್ಲದಾಗಲೇ ವಿಕಾರವನ್ನು ಇದು ಹಿಡಿಯಬಲ್ಲುದು. ಹಾಗಾದರೆ ಇದೇ ಶ್ರೇಷ್ಠವಲ್ಲವೆ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು.

ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣವುಂಟು. ಅಲ್ಲಿನ ನಿವಾಸಿಗಳನ್ನು, ರೋಗಿಗಳೆಂದು ಆರಿಸದೆ, ಸಾಧಾರಣ ಪ್ರಜೆಗಳನ್ನಾಗಿಯೇ ಕರೆದು ಪರೀಕ್ಷಿಸಿದರು. ೨೦೦೮ರಲ್ಲಿ ಪ್ರಕಟವಾದ ಒಂದು ವರದಿಯಂತೆ, ಐವತ್ತರಿಂದ ತೊಂಬತ್ತು ವಯಸ್ಸಿನ ೯೯೧ ಮಂದಿಗೆ ಎಂ.ಆರ್.ಐ. ಮಾಡಿ ನೋಡಲಾಗಿ, ಮೆನಿಸ್ಕಸ್ ಹರಿದವರಲ್ಲಿ ನೂರಕ್ಕೆ ೬೧ ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ೨೦೧೨ರ ಇನ್ನೊಂದು ವರದಿಯಲ್ಲಿ, ಎಕ್ಸ್‌ರೇಯಂತೆ ಯಾವ ಸವೆತವೂ ಇಲ್ಲದ, ಐವತ್ತು ದಾಟಿದ ೭೧೦ ಮಂದಿಯನ್ನು ನೋಡಿದರು. ಅವರಲ್ಲಿ ನೂರಕ್ಕೆ ೮೯ ಮಂದಿಯ ಮೊಣಕಾಲಿನಲ್ಲಿ ಎಂ.ಆರ್.ಐ. ಏನಾದರೊಂದು ವಿಕಾರವನ್ನು ತೋರಿಸಿತು. ನೋವಿದ್ದವರಲ್ಲಿಯೂ ನೋವಿಲ್ಲದವರಲ್ಲಿಯೂ ಈ ಪ್ರಮಾಣವು ಹೆಚ್ಚುಕಡಮೆ ಒಂದೇ ಆಗಿದ್ದಿತು!

ಇದರ ತಾತ್ಪರ್ಯವನ್ನು ವಾಚಕರು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ತಲೆಗೂದಲು ನರೆಯುವಂತೆ, ಮುಖವು ಸುಕ್ಕುಗಟ್ಟುವಂತೆ, ಕೀಲಿನೊಳಗೂ ವಯಸ್ಸು ತನ್ನ ಗುರುತುಗಳನ್ನು ಹಾಕುವುದು. ಎಂ.ಆರ್.ಐ. ಅವೆಲ್ಲವನ್ನೂ ತೋರಿಸುವುದು, ಅವುಗಳಲ್ಲಿ ನೋಯುತ್ತಿರುವುದು ಯಾವುದೆಂದು ಮಾತ್ರ ಹೇಳದು. ಕಾಗೆಯು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾಲವೊಂದಾದ ಮಾತ್ರಕ್ಕೆ ಕಾರ್ಯಕಾರಣ ಸಂಬಂಧವು ಸಿದ್ಧವಾಗದೆಂಬುದನ್ನು ನಾವು ಕಾಕತಾಳೀಯನ್ಯಾಯದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆವು. ಮನೆಯಲ್ಲಿ ಅದು ಎದುರಿಗೆ ಬಂದಾಗ ನಾವೇ ಗುರುತಿಸಲಿಲ್ಲ. ನೋವೂ ಇತ್ತು, ಹರಿದುದೂ ಕಂಡಿತು. ಹರಿದುದರಿಂದಲೇ ನೋವೆಂದು ನಿಶ್ಚಯಿಸಿಬಿಟ್ಟೆವು. ಮಜ್ಜೆಯ ಬಾವು, ಒಳಪೊರೆಯ ಊತ ಇವುಗಳಿಗೆ ನೋವಿನೊಡನೆ ಸ್ವಲ್ಪ ಹೆಚ್ಚಿನ ಸಂಬಂಧವಿದೆಯೆಂದು ತಿಳಿದುಬಂದಿದೆಯಾದರೂ, ಅವೂ ನೋವಿಲ್ಲದವರಲ್ಲಿ ಕಾಣುವುದುಂಟು.

ಈ ತಪ್ಪು ನಿಶ್ಚಯವು ಬರಿಯ ಮಾತಿನ ತಪ್ಪಾಗಿ ನಿಲ್ಲದು. ಅದು ಶಸ್ತ್ರದವರೆಗೆ ಕರೆದೊಯ್ಯುವುದು. ಸವೆದ ಮೊಣಕಾಲಿನೊಳಗೆ ದುರ್ಬೀನನ್ನು ಹಾಕಿ ತೊಳೆದು ಕೆರೆದು ಬರುವ ಚಿಕಿತ್ಸೆಯನ್ನು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ೧೮೦ ರೋಗಿಗಳ ಮೇಲೆ ಪರೀಕ್ಷಿಸಿ ೨೦೦೨ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲವರಿಗೆ, ಅವರ ಸಮ್ಮತಿಯನ್ನು ಮೊದಲೇ ಪಡೆದು, ಚರ್ಮವನ್ನು ಮಾತ್ರ ಕೊಯ್ದು ಹೊಲಿದಿದ್ದರು. ಎರಡು ವರ್ಷಗಳ ಕಾಲ ವಿಚಾರಿಸಿದರೂ, ನಿಜವಾದ ಶಸ್ತ್ರಚಿಕಿತ್ಸೆಯಾದವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಫಿನ್ಲೆಂಡಿನಲ್ಲಿ, ಮೆನಿಸ್ಕಸ್ ಸವೆದು ಹರಿದಿದ್ದ ೧೪೬ ಮಂದಿಯ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ಫಲವು ಇದೇ ತೆರನಾಗಿದ್ದಿತು. ೨೦೧೭ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು, ವಯಸ್ಸಿನಿಂದ ಸವೆದ ಮೊಣಕಾಲುಗಳಲ್ಲಿ ಬಹುಮಟ್ಟಿಗೆ ಎಲ್ಲರಿಗೂ ಈ ಚಿಕಿತ್ಸೆ ಬೇಡವೆಂದು ಬಲವಾಗಿ ಹೇಳಿತು. ಸವೆತವು ಮಿತಿಮೀರಿ, ಬೇರಾವುದರಿಂದಲೂ ನೋವು ತಗ್ಗದೆ, ನಡೆಯುವುದೇ ಅಸಾಧ್ಯವಾದಾಗ ಕೃತಕ ಕೀಲನ್ನು ಹಾಕಿಸಿಕೊಳ್ಳುವುದು ಬೇರೆಯ ವಿಷಯ. ಅದು ಅನೇಕರಿಗೆ ನಿಜವಾದ ಉಪಕಾರವನ್ನು ಮಾಡಿರುವುದು.

ಹಾಗಾದರೆ ವ್ಯಾಧಿಯನ್ನು ನಿರ್ಣಯಿಸುವ ಬಗೆಯೇನು? ನಮ್ಮ ವಾಗ್ಭಟಾಚಾರ್ಯರು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ಬಗೆಯ ರೋಗಿಪರೀಕ್ಷೆಯನ್ನು ಹೇಳಿರುವರು. ಆ ವೃದ್ಧ ವೈದ್ಯರು ಮಾಡಿದುದೂ ಅದನ್ನೇ. ಇದು ಹಳೆಯ ಕಾಲದ ಅಭಿಮಾನದ ಮಾತಲ್ಲ. ಆಧುನಿಕರ ನಿರ್ಣಯವೂ ಹೀಗೆಯೇ ಇರುವುದು. ನಲವತ್ತೈದು ವಯಸ್ಸಾದವರಿಗೆ, ನಡೆದಾಡಿದಾಗ ಹೆಚ್ಚುವ ಕೀಲುನೋವಿದ್ದು, ಬೆಳಗಿನ ಬಿಗಿತವು ಇಲ್ಲದೆಯೇ ಅಥವಾ ಅರ್ಧ ಗಂಟೆಗೆ ಮೀರದೆಯೇ ಇದ್ದರೆ, ಚಿತ್ರವೇ ಇಲ್ಲದೆ ಈ ವ್ಯಾಧಿಯೆಂದು ನಿರ್ಣಯಿಸಬಹುದೆಂದು ಇಂಗ್ಲೆಂಡಿನ ‘ನೈಸ್’ ಎಂಬ ಆರೋಗ್ಯಸಂಸ್ಥೆಯು ೨೦೨೨ರ ಸೂಚನೆಗಳಲ್ಲಿ ಹೇಳಿರುವುದು. ಯೂರೋಪಿನ ಸಂಧಿರೋಗತಜ್ಞರ ಸಂಘವು ೨೦೧೭ರಲ್ಲಿ ಇದನ್ನೇ ಹೇಳಿ, ಚಿತ್ರವು ಬೇಕೆಂದು ತೋರಿದರೆ ಮೊದಲು ಸಾಮಾನ್ಯ ಎಕ್ಸ್‌ರೇಯನ್ನು, ಅದರಲ್ಲಿಯೂ ನಿಂತು ತೆಗೆದುದನ್ನು, ನೋಡತಕ್ಕುದೆಂದಿತು. ವರ್ಷಕ್ಕೊಮ್ಮೆ ಸುಮ್ಮನೆ ಚಿತ್ರವನ್ನು ತೆಗೆಸುತ್ತಿರುವುದೂ ಬೇಡವೆಂದು ಅದು ತಿಳಿಸಿರುವುದು.

ಹೀಗೆಂದ ಮಾತ್ರಕ್ಕೆ ಎಲ್ಲ ಮೊಣಕಾಲುನೋವೂ ಸವೆತವೆಂದು ಉದಾಸೀನರಾಗಿ ಕೂರಕೂಡದು. ಜ್ವರದೊಡನೆ ಮೊಣ‌ಕಾಲು ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಅಲ್ಲಿ ಚಿತ್ರಕ್ಕಿಂತ ಮೊದಲು ಕೀಲಿನ ನೀರನ್ನು ತೆಗೆದು ಪರೀಕ್ಷಿಸಬೇಕಾಗುವುದು. ಬಿದ್ದು ಪೆಟ್ಟಾದ ಬಳಿಕ ಕಾಲೂರಲಾಗದಿದ್ದರೂ, ಕೀಲು ಸಿಕ್ಕಿಕೊಂಡು ಚಾಚಲಾಗದಿದ್ದರೂ, ಮಲಗಿರುವಾಗಲೂ ಬಿಡದ ನೋವಿನೊಡನೆ ದೇಹವು ಕೃಶವಾಗುತ್ತ ಬಂದರೂ, ಬೆಳಗಿನ ಬಿಗಿತವು ಬಹಳ ಹೊತ್ತಿದ್ದು ಅನೇಕ ಕೀಲುಗಳು ಊದಿದರೂ, ಅವು ಬೇರೆ ವ್ಯಾಧಿಗಳ ಲಕ್ಷಣಗಳಾಗಿರಬಹುದು. ಎಂ.ಆರ್.ಐ. ಮೊದಲಾದವುಗಳಿಗೆ ಸ್ಥಾನವಿರುವುದು ಇಂತಹ ಕಡೆ. ಪೆಟ್ಟಾದ ಎಳೆಯರ ಮೊಣಕಾಲಿನಲ್ಲಿ ಕಟ್ಟು ಹರಿಯಿತೇ, ಮೆನಿಸ್ಕಸ್ ಹರಿಯಿತೇ ಎಂಬುದನ್ನು ತಿಳಿಯಲು ಅದು ಅತ್ಯಂತ ಉಪಯುಕ್ತವಾದುದು.

ಆದುದರಿಂದ ಕಾಗದ ಬರೆದ ಮಹಾಶಯರಿಗೆ ನಮ್ಮ ಉತ್ತರವಿದು. ಚಿತ್ರಗಳಲ್ಲಿ ಶ್ರೇಷ್ಠ ಕನಿಷ್ಠಗಳೆಂಬುವಿಲ್ಲ. ಯಾವ ಪ್ರಶ್ನೆಗೆ ಯಾವ ಚಿತ್ರವೆಂಬುದೊಂದೇ ಇರುವುದು. ಎಲುಬಿನ ಎಡೆಯನ್ನು ಕೇಳುವುದಾದರೆ ನಿಂತ ಎಕ್ಸ್‌ರೇ. ನೀರು, ಒಳಪೊರೆಗಳನ್ನು ಕೇಳುವುದಾದರೆ ಅಲ್ಟ್ರಾಸೌಂಡ್. ಎಲುಬಿನ ಆಕಾರವನ್ನೇ ಕೇಳುವುದಾದರೆ ಸಿ.ಟಿ.; ಬೇರೆ ವ್ಯಾಧಿಯ ಸಂದೇಹವಿದ್ದರೆ ಎಂ.ಆರ್.ಐ. ನೋವೆಷ್ಟೆಂಬುದನ್ನು ಕೇಳುವುದಾದರೆ ತಮ್ಮ ತಾಯಿಯವರನ್ನೇ ಕೇಳತಕ್ಕುದು. ಅದಕ್ಕೆ ಬೇರೆ ಸಾಕ್ಷಿಯಿಲ್ಲ. ಯಾರಾದರೂ ಚಿತ್ರವನ್ನು ತೆಗೆಸಹೇಳಿದರೆ ಗೃಹಸ್ಥರು ವಿನಯದಿಂದ ಒಂದು ಪ್ರಶ್ನೆಯನ್ನು ಹಾಕಬಹುದು: “ಇದರಲ್ಲಿ ಹೀಗೆ ಕಂಡರೆ ಏನು ಮಾಡುವಿರಿ, ಹಾಗೆ ಕಂಡರೆ ಏನು ಮಾಡುವಿರಿ?” ಎರಡಕ್ಕೂ ಉತ್ತರವು ಒಂದೇ ಆದಲ್ಲಿ ಆ ಚಿತ್ರಕ್ಕೆ ಹಣವನ್ನು ತೆರಬೇಕಾದ ಆವಶ್ಯಕತೆಯಿಲ್ಲ.

ನಮ್ಮ ಮನೆಯಾಕೆಗೆ ಆ ವೈದ್ಯರು ಹೇಳಿದುದು ಇಷ್ಟು: ತೊಡೆಯ ಮುಂಭಾಗದ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮವನ್ನು ಬಿಡದೆ ಮಾಡುವುದು, ದೇಹದ ಭಾರವನ್ನು ಇಳಿಸುವುದು, ನಡೆಯುವುದನ್ನು ನಿಲ್ಲಿಸದಿರುವುದು, ನೆಲದ ಮೇಲೆ ಕೂರುವುದಕ್ಕೆ ಬದಲಾಗಿ ಮಣೆಯನ್ನೋ ಕುರ್ಚಿಯನ್ನೋ ಬಳಸುವುದು. ಮೊದಲ ತಿಂಗಳು ಆಕೆ ದಿನವೂ ನಮ್ಮನ್ನು ಬೈದುಕೊಂಡೇ ಕಾಲನ್ನೆತ್ತಿ ಇಳಿಸಿದಳು. ನಾಲ್ಕು ತಿಂಗಳ ಹೊತ್ತಿಗೆ ಮೆಟ್ಟಲಿಳಿಯುವಾಗ ಗೋಡೆಯ ಕಡೆಗೆ ಕೈ ಹೋಗುವುದು ಕಡಮೆಯಾಯಿತು. ನೋವು ಹೋಗಿಬಿಟ್ಟಿತೆಂದು ಹೇಳಲಾರೆವು. ಮಳೆಗಾಲದಲ್ಲಿ ಈಗಲೂ ದೂರುವುದುಂಟು. ಪೂಜೆಯನ್ನು ಕುರ್ಚಿಯ ಮೇಲೆ ಕುಳಿತು ಮಾಡುವುದು ಆಕೆಗೆ ಇನ್ನೂ ಮನಸ್ಸಿಗೆ ಒಗ್ಗಿಲ್ಲ.

ಮೊಮ್ಮಗನ ಉಪನಯನವು ಕಳೆದ ವೈಶಾಖದಲ್ಲಿ ನೆರವೇರಿತು. ವಟುವಿಗೆ ಭಿಕ್ಷೆ ನೀಡುವ ಸಮಯದಲ್ಲಿ ಆಕೆಗೆಂದು ಒಬ್ಬರು ಕುರ್ಚಿಯನ್ನು ತಂದಿಟ್ಟರು. ಆಕೆ ಅದನ್ನು ಪಕ್ಕಕ್ಕೆ ಸರಿಸಿ, ಅಕ್ಕಿಯ ತಟ್ಟೆಯನ್ನು ಹಿಡಿದು, ತನ್ನ ಸರದಿ ಬರುವ ತನಕ ಎಲ್ಲರ ನಡುವೆ ನಿಂತೇ ಇದ್ದಳು. ಎರಡು ಪುಟದ ಆ ವರದಿಯು ಇನ್ನೂ ನಮ್ಮ ಬೀರುವಿನಲ್ಲಿದೆ. ಅದರಲ್ಲಿ ಬರೆದಿರುವ ಹರಿದ ಮೆನಿಸ್ಕಸ್ಸೂ ಆಕೆಯ ಮೊಣಕಾಲಿನಲ್ಲಿ ಹಾಗೆಯೇ ಇರುವುದು.